ಬೀಗರೂಟಕ್ಕೆ ಒಂದು ಜೀನು ಕಡಿಮೆ

ಮದ್ದೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಾತ್ರ ಮೂಗಿನ ವಿಷಯದ ಪಂಡಿತರು ನಮ್ಮ ಮಾವನವರು. ತುಪ್ಪ, ಕಾಫಿಪುಡಿ, ಮಾಂಸ, ಕೊನೆಗೆ ಹೆಣ್ಣು ನೋಡಲು ಬಂದವರನ್ನೂ ಮೂಸಿಯೇ ಒಳಗೆ ಬಿಡುವವರು. ಅವರು ಮೂಸಿದ ಮೇಲೆ ಮನೆಯ ಉಳಿದ ಮೂಗುಗಳಿಗೆ ರಜೆ.

ನಾದಿನಿಯ ಮದುವೆಯಾಗಿ ಬಸರಾಳಿನ ಬೀಗರಿಗೆ ಬಾಡೂಟ ಹಾಕಬೇಕಿತ್ತು. ಒಳ್ಳೆ ಮರಿ ಆರಿಸುತ್ತೇನೆಂದು ಹೋದ ಮಾವ ಗಡ್ಡ ಬಿಟ್ಟ ದೊಡ್ಡ ಹೋತವೊಂದನ್ನು ಹಿಡಿದುಕೊಂಡು ಬಂದರು. ಬೀಜ ಒಡೆಸದ ಹೋತದ ಮಾಂಸಕ್ಕೆ ಒಂದು ನಾತವಿರುತ್ತದೆ. ಸಾರು ಕುದಿಯುತ್ತಿದ್ದಂತೆ ಅದು ಬೀದಿಯನ್ನೂ ದಾಟಿತು.

“ಮಾವ, ಓತದ ನಾತ ಬರ್ತಾ ಐತೆ,” ಅಂದೆ.

ಅವರು ಪಾತ್ರೆಯ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದುಕೊಂಡರು. “ಎಲ್ಲವ್ವ ನಾತ? ಗಮ್ ಅಂತ ಐತೆ ಕಣವ್ವ. ಓದ್ದೋರ ಮೂಗು ವಸಿ ಜಾಸ್ತಿನೇ ಕೆಲ್ಸ ಮಾಡ್ತದೆ, ಬುಡು.”

ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ನಮ್ಮತ್ತೆ, “ಊಂ, ಏನೂ ಇಲ್ಲ ಬುಡು” ಎಂದರು.

ಮಾವ ಸುಳ್ಳು ಹೇಳುತ್ತಿರಲಿಲ್ಲ, ಅದೇ ತಾಪತ್ರಯ. ವಾಸನೆ ಹಿಡಿಯುವ ಗ್ರಾಹಕಗಳ ಜೀನುಗಳು ಇಲಿಯಲ್ಲಿ ಸುಮಾರು ಸಾವಿರ. ಮನುಷ್ಯನಲ್ಲಿ ಕೆಲಸಕ್ಕೆ ಬರುವವು ನಾನೂರರ ಆಸುಪಾಸು. ಮೂಗಿನ ಒಂದೊಂದು ನರಕೋಶವೂ ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನೇ ಆರಿಸಿಕೊಂಡು ಉಳಿದವುಗಳ ಬಾಯಿ ಮುಚ್ಚಿಸುತ್ತದೆ. ನಮ್ಮ ಮನೆತನದಲ್ಲಿ ಅಂಥ ಶಿಸ್ತು ಇರುವುದು ಅಲ್ಲೊಂದೇ ಕಡೆ. ಒಂದು ಜೀನು ಕೆಟ್ಟರೆ ಮೂಗು ಪೂರ್ತಿ ಕೆಡುವುದಿಲ್ಲ, ಯಾವುದೋ ಒಂದು ವಾಸನೆ ಮಾತ್ರ ಹತ್ತುವುದಿಲ್ಲ. ಹತ್ತುತ್ತಿಲ್ಲ ಎಂಬುದು ಮೂಗಿನ ಯಜಮಾನನಿಗೂ ತಿಳಿಯುವುದಿಲ್ಲ. ಮಾವನ ಮೂಗಿನಲ್ಲಿ ಹೋತದ ಕುರ್ಚಿ ಖಾಲಿ ಇತ್ತು ಎಂಬುದು ನನ್ನ ಊಹೆ.

ಊಟಕ್ಕೆ ಕೂತ ಬೀಗರ ಹೆಂಗಸರು ಮುದ್ದೆ ಮುರಿದರು, ಸಾರಿಗೆ ಅದ್ದಲಿಲ್ಲ. ನಾದಿನಿಯ ಅತ್ತೆ ಪಂಕ್ತಿಗೆಲ್ಲ ಕೇಳುವಂತೆ, “ಏನಮ್ಮಿ, ನಿಮ್ಮನೇಲಿ ಮೂಗಿರೋರು ಯಾರೂ ಇಲ್ವಾ?” ಎಂದರು. ಹೊಸ ಸೀರೆಯ ನಾದಿನಿ ತಗ್ಗಿಸಿದ ತಲೆ ಎತ್ತಲೇ ಇಲ್ಲ. ಅವಳು ಆ ಮನೆಯಲ್ಲಿ ಬಾಳಬೇಕಾದವಳು. ಅವಳ ಮಾವ ಮಾತ್ರ ಮೂಳೆ ಚೀಪುತ್ತಾ, “ಗಮ್ ಅಂತದೆ ಬೀಗ್ರೇ, ಇನ್ನೊಂದೀಟು ಬುಡ್ಸಿ” ಎಂದರು. ಇಬ್ಬರು ಯಜಮಾನರೂ ಒಬ್ಬರ ಮೂಗನ್ನೊಬ್ಬರು ಮೆಚ್ಚಿಕೊಂಡು ಮತ್ತೆ ಬಡಿಸಿಕೊಂಡರು.

ಅತ್ತೆಯ ಆ ಮಾತು ನಾದಿನಿಯನ್ನು ಬಿಡಲಿಲ್ಲ. ಬಸರಾಳಿನಲ್ಲಿ ಹಾಲು ಒಡೆದರೂ ಸಾರು ಸೀದರೂ ಅವಳು ‘ಮೂಗಿಲ್ದೋರ ಮನೆ ಮಗಳು’. ಫೋನಿನಲ್ಲಿ ಅತ್ತಾಗ ನಾನು ಸಮಾಧಾನಕ್ಕೆ ಹೇಳಿದ್ದೂ ಇದೇ ಜೀನಿನ ಪಾಠ. ನನಗೆ ಬೇರೆ ಏನು ಬರುತ್ತದೆ?

ಈಚೆಗೆ ಅವಳಿಗೆ ಗಂಡುಮಗುವಾಯಿತು. ನೋಡಲು ಗಂಡನ ಜೊತೆ ನಮ್ಮ ಮನೆಗೆ ಬಂದ ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಸಂಭ್ರಮಪಟ್ಟರು. “ಅಯ್, ನೋಡ್ರಪ್ಪಾ, ಎಲ್ಡೂ ಕಡೆ ತಾತದೀರ ಮೂಗೇ ಬಂದದೆ!”

ತಾತಂದಿರಿಬ್ಬರೂ ತಮ್ಮ ತಮ್ಮ ಮೂಗು ಸವರಿಕೊಂಡರು. ಮಂಚದ ಮೇಲಿದ್ದ ನಾದಿನಿ ಮೊದಲ ಸಲ ತಲೆ ಎತ್ತಿ ಮಾತಾಡಿದಳು.

“ಅಂಗಾದ್ರೆ ಮೂಗಿಲ್ದೋರು ನಿಮ್ಮನೇಲೂ ಇಬ್ರಾದ್ರು ಕಣತ್ತೆ.”

ಅತ್ತೆ ಮಗುವಿನ ಮೂಗು ನೋಡಿದರು. ಆಮೇಲೆ ಗಂಡನ ಮೂಗು ನೋಡಿದರು.