ರಾಣಿ ಕೇಳಿದರೆ ಕಪ್ಪೆ ತೋರಿಸುವ ಅಂಗಡಿ

ಮೊನ್ನೆ ನನ್ನ ಫೋನು, ರಾಣಿಯ ಬದಲು ಕಪ್ಪೆ ಆಗಬಹುದಲ್ಲ ಎಂದು ಕೇಳಿತು.

ನನಗಲ್ಲ, ಅಕ್ಕನ ಮಗಳು ಪುಟ್ಟಿಗೆ. ಅವಳ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ. 'ಶನಿವಾರಕ್ಕೆ ಒಂದು ರಾಣಿ ಡ್ರೆಸ್ ಬುಕ್ ಮಾಡ್ಬುಡೋ' ಎಂದು ಅಕ್ಕ ಶ್ರೀರಾಂಪುರದಿಂದ ಆಜ್ಞೆ ಹೊರಡಿಸಿದಳು. ವೇಷದ ಅಂಗಡಿಗಳಿರುವ ದೇವರಾಜ ಮೊಹಲ್ಲಾಕ್ಕೆ ಹೋಗಿ ಗಾಡಿ ನಿಲ್ಲಿಸಲು ಜಾಗ ಹುಡುಕುವ ಶಕ್ತಿ ಯಾರಿಗಿದೆ? ಫೋನಿನ ಎಐ ಸಹಾಯಕನಿಗೆ ಹೇಳಿದೆ. ಅದು ಬಾಡಿಗೆ ವೇಷದ ಅಂಗಡಿಯೊಂದರ ವೆಬ್‌ಸೈಟಿಗೆ ಹೋಗಿ ಬಂದು ವರದಿ ಒಪ್ಪಿಸಿತು: 'ರಾಣಿ ವೇಷ ಸಿಗುತ್ತದೆ. ಮಗು ಹತ್ತಿರದಲ್ಲಿದೆಯೇ? ಇದ್ದರೆ ಈ ಕಪ್ಪೆಯನ್ನೂ ಒಮ್ಮೆ ತೋರಿಸಿ ಎಂದು ಅಂಗಡಿಯವರು ಕೇಳಿಕೊಂಡಿದ್ದಾರೆ.'

ಜೊತೆಗೊಂದು ಫೋಟೊ. ಉಬ್ಬಿದ ಕಣ್ಣು, ಯಾರಾದರೂ ಕರೆದರೆ ಸಾಕು ಎಂದು ಕಾಯುತ್ತಿರುವ ಮುಖ.

ಯಂತ್ರವೊಂದು ಬೇಕೆಂದೇ ನನ್ನ ದಾರಿ ತಪ್ಪಿಸಿದ್ದು ಅದೇ ಮೊದಲು. (ಗೊತ್ತಿಲ್ಲದೆ ತಪ್ಪಿಸುವುದನ್ನು ಅದು ದಿನಾ ಮಾಡುತ್ತದೆ.) ಈ ಅಂಕಣ ಓದುವ ನಿಮಗೆ ಗೊತ್ತು, ನಾನು ಹೊಸದೇನನ್ನೂ ಸುಲಭಕ್ಕೆ ನಂಬುವವನಲ್ಲ. ನೇರ ಅಂಗಡಿಗೇ ಹೋದೆ.

ಅಂಗಡಿ ನನ್ನ ಗೆಳತಿ ತನುಜಾಳದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಒಂದೇ ತಂಡ. ವಿಷಯ ಏನೇ ಇರಲಿ, ಅವಳು ಪರ, ನಾನು ವಿರೋಧ. ಅಂಗಡಿ ಶುರು ಮಾಡಿದ್ದು ಅವಳ ಅಮ್ಮ. ಆಗಿನಿಂದಲೂ ಅಲ್ಲೊಂದು ಪದ್ಧತಿ: ಕೇಳಿದ ವೇಷ ಕೊಡುವ ಮುಂಚೆ, ಯಾರೂ ಕೇಳದ ವೇಷವೊಂದನ್ನು ಮಗುವಿನ ಮುಂದೆ ಹಿಡಿಯುವುದು. ಸೈನಿಕರಾಗಲು ಬಂದ ಎಷ್ಟೋ ಮಕ್ಕಳು ಇಲ್ಲಿಂದ ಮೋಡಗಳಾಗಿ ಹೋಗಿದ್ದಾರೆ. ವೆಬ್‌ಸೈಟೂ ಹಾಗೆಯೇ. ರಾಜನನ್ನು ಒತ್ತಿದರೆ ಪಕ್ಕದಲ್ಲೊಂದು ಕಾಗೆ, ಕಾಗೆಯನ್ನು ಒತ್ತಿದರೆ ಅದರ ರೆಕ್ಕೆ ಹೊಲಿದ ಕಥೆ. ನಾನೇ ಒಂದು ಮಧ್ಯಾಹ್ನ ಅಲ್ಲಿ ಕಳೆದುಹೋಗಿದ್ದೆ.

'ಬಂದ್ಬುಟ್ಯಾ? ಕಪ್ಪೆ ನೋಡ್ದ್ಯಾ?' ಎಂದಳು ತನುಜಾ.

'ಏನಿದು ನಾಟಕ?'

'ಸೈಟಿಗೆ ಈಗ ಜನ ಬರಲ್ಲ ಕಣೋ, ಜನರ ಫೋನು ಬರುತ್ತೆ. ಅದಕ್ಕೇ ಫೋನಿಗೇ ಟ್ರೇನಿಂಗ್ ಕೊಟ್ಟಿದೀನಿ.'

ವಿಷಯ ಇಷ್ಟು. ಇಲ್ಲಿಯವರೆಗೆ ಎಐಗಳು ಕಣ್ಣು ಕಟ್ಟಿಸಿಕೊಂಡವರಂತೆ ವೆಬ್‌ಸೈಟುಗಳನ್ನು ತಡಕಾಡುತ್ತಿದ್ದವು. ಈಗ ಮುಕ್ತ ಪ್ರೋಟೊಕಾಲ್‌ಗಳು ಬಂದಿವೆ. ಅಂದರೆ, ಯಾವ ಕಂಪನಿಯ ಸಹಾಯಕನಾದರೂ ಯಾವ ಸೈಟಿನ ಜೊತೆಗಾದರೂ ಮಾತಾಡಲು ಹಲವರು ಒಪ್ಪಿಕೊಂಡ ಒಂದು ರೀತಿ. ನಮ್ಮಲ್ಲಿ ಇಂಥದ್ದು ಸಿಗುತ್ತದೆ, ಹೀಗೆ ಕೇಳಿ ಎಂದು ಸೈಟಿನವರು ಬರೆದಿಟ್ಟರಾಯಿತು. ಸೈಟ್ ಮಾಡಿಕೊಟ್ಟಾತ ಎರಡು ಸಾಲು ಸಾಕು ಎಂದಿದ್ದನಂತೆ. ಇವಳು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವಂತೆ ಒಂದು ಪುಟ ಬರೆದಿದ್ದಾಳೆ! ಅಮ್ಮಂದಿರು ಮಾತಾಡಲಿ, ನೀನು ಮಗುವನ್ನು ಕೇಳು. ಕೇಳಿದ್ದನ್ನು ಕೊಡುವ ಮುಂಚೆ ಕೇಳದ್ದೊಂದನ್ನು ತೋರಿಸು.

'ನಿನ್ನ ಸೈಟು ಯಾರೂ ಕಾಲಿಡದ ಗೋಡೌನ್ ಆಗುತ್ತೆ' ಎಂದೆ.

'ಬಾಗಿಲು ಹಾಕ್ಕೊಂಡು ಕೂತ್ರೆ ಏನಾಗುತ್ತೆ ಹೇಳು. ದೊಡ್ಡ ಸೈಟುಗಳಲ್ಲಿ ಎಲ್ಲಾ ಒಂದೇ ಥರದ ರಾಣಿ, ಒಂದೇ ಥರದ ಸೈನಿಕ. ಫೋನಿಗೆ ನಾನು ಕಾಣ್ಲಿಲ್ಲ ಅಂದ್ರೆ ನನ್ ಮೋಡ, ಕಾಗೆ ಎಲ್ಲಾ ಸತ್ತಂಗೇ. ಇದ್ರಲ್ಲಿ ನಂಗೂ ಆ ದೊಡ್ಡವ್ರಿಗೂ ಒಂದೇ ಬಾಗಿಲು ಕಣೋ.'

ನಾನು ವಾದ ಬಿಟ್ಟು ಕತ್ತೆತ್ತಿ ನೋಡಿದೆ. (ಅಪರೂಪ.) ಮೇಲೆ ಹಗ್ಗಕ್ಕೆ ನೇತುಹಾಕಿದ್ದ ರೆಕ್ಕೆಗಳು ಫ್ಯಾನಿನ ಗಾಳಿಗೆ ಮೆಲ್ಲಗೆ ಬಡಿದುಕೊಳ್ಳುತ್ತಿದ್ದವು. ಅದನ್ನೇ ನೋಡುತ್ತಾ ನನಗೂ ಒಂದು ಹಗಲುಗನಸು ಬಿತ್ತು. ಊರಿನ ಫೋನುಗಳೆಲ್ಲ ಒಂದೊಂದು ಮಗುವಿನ ಪಕ್ಕ ಕೂತು 'ಮೋಡ ಆಗ್ತೀಯಾ?' ಎಂದು ಪಿಸುಗುಡುತ್ತಿವೆ. ಮಂಡಿ ಮೊಹಲ್ಲಾದ ಬೀಗ ರಿಪೇರಿಯವರು ತಮ್ಮದೇ ಗತ್ತಿನಲ್ಲಿ ಜಗತ್ತಿನ ಯಂತ್ರಗಳಿಗೆಲ್ಲ ಬುದ್ಧಿ ಹೇಳುತ್ತಿದ್ದಾರೆ. ವೆಬ್ ಎನ್ನುವುದು ಬೆಳಕಿನ ಪರದೆಯಿಂದ ಇಳಿದು, ಸಂಜೆಯ ಜಗಲಿಯ ಮಾತಿನ ಹಾಗೆ ಮನೆಯಿಂದ ಮನೆಗೆ ಹರಿಯುತ್ತಿದೆ. ಚೆನ್ನಾಗಿತ್ತು. ಎಚ್ಚರವಾಗಲು ಮನಸ್ಸೇ ಬರಲಿಲ್ಲ.

ಆದರೆ ವಿರೋಧ ಪಕ್ಷದಲ್ಲಿ ಕೂತು ಅಭ್ಯಾಸವಾದವನಿಗೆ ಕನಸು ಎಷ್ಟು ಹೊತ್ತು? 'ಎಲ್ಲಿ, ನಿನ್ನ ಫೋನು ಕೊಡು' ಎಂದೆ. ಅದರಲ್ಲಿದ್ದದ್ದು ಬೇರೆ ಕಂಪನಿಯ ಸಹಾಯಕ. ಅದೇ ಅಂಗಡಿ, ಅದೇ ಶನಿವಾರ, ಅದೇ ರಾಣಿ.

'ರಾಣಿ ವೇಷ ಲಭ್ಯವಿದೆ. ಬುಕ್ ಮಾಡಲೇ?'

ಅಷ್ಟೇ. ಕಪ್ಪೆ ಇಲ್ಲ. ಬೇರೇನಾದರೂ ತೋರಿಸಲು ಅಂಗಡಿಯವರು ಹೇಳಿದ್ದಾರಾ ಎಂದು ಕೆದಕಿದೆ. ತಣ್ಣಗೆ ಒಪ್ಪಿಕೊಂಡಿತು: 'ಹೌದು. ನೀವು ಕೇಳಿರಲಿಲ್ಲವಾದ್ದರಿಂದ ಜಾಹೀರಾತೆಂದು ಪರಿಗಣಿಸಿ ಬಿಟ್ಟಿದ್ದೇನೆ.'

ತನುಜಾ ಫೋನನ್ನು ಕಸಿದುಕೊಂಡು ತಾನೇ ಓದಿದಳು. 'ಜಾಹೀರಾತಾ? ಅಮ್ಮ ಇಷ್ಟು ವರ್ಷ ಮಾಡಿದ್ದು ಜಾಹೀರಾತಾ?'

ನ್ಯಾಯವಾಗಿ ಹೇಳಬೇಕೆಂದರೆ, ಅದರ ತಪ್ಪೇನು? ನಾಳೆ ಪ್ರತಿ ಅಂಗಡಿಯೂ ನನ್ನ ಫೋನಿನ ಕಿವಿಯಲ್ಲಿ 'ಇದನ್ನೂ ತೋರಿಸು' ಎಂದು ಊದತೊಡಗಿದರೆ ಮೊದಲು ಬೈಯುವವನು ನಾನೇ. ಪದ್ಧತಿ ಎಲ್ಲಿ ಮುಗಿದು ಪ್ರಚಾರ ಎಲ್ಲಿ ಶುರುವಾಗುತ್ತದೆ? ಪ್ರೋಟೊಕಾಲ್ ಅದನ್ನು ತೀರ್ಮಾನಿಸುವುದಿಲ್ಲ. ಅಂಗಡಿಯ ಮಾತನ್ನು ಸಹಾಯಕನಿಗೆ ತಲುಪಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮುಂದಿನದು ಆ ಸಹಾಯಕನನ್ನು ಸಾಕಿದ ಕಂಪನಿಯ ಮರ್ಜಿ. ರಸ್ತೆ ಎಲ್ಲರದ್ದೂ ಹೌದು. ಆದರೆ ನಮ್ಮ ಪರವಾಗಿ ಓಡಾಡುವವರು ನಮ್ಮವರೇ?

'ನೀನೇ ಗೆದ್ದೆ ಕಣೋ' ಎಂದಳು ತನುಜಾ. ದನಿಯಲ್ಲಿ ಜಗಳವಿರಲಿಲ್ಲ, ಅದೇ ನನಗೆ ಕಷ್ಟವಾಯಿತು. 'ಈಗ ಹೇಳು. ಬರ್ದಿದ್ದನ್ನ ಅಳಿಸ್ಬುಡ್ಲಾ?'

ಗೆದ್ದ ಚರ್ಚೆ ಇಷ್ಟು ಸಪ್ಪೆ ಅನ್ನಿಸಿದ್ದು ಅದೇ ಮೊದಲು. 'ಬೇಡ, ಇರ್ಲಿ' ಎಂದೆ. 'ಒಂದು ಫೋನಾದ್ರೂ ಕೇಳಿಸ್ಕೊಳ್ತಲ್ಲ.'

ಎರಡೂ ವೇಷಗಳನ್ನು ಹೊತ್ತು ಶ್ರೀರಾಂಪುರಕ್ಕೆ ಹೋದೆ. ಪುಟ್ಟಿ ರಾಣಿಯ ಕಡೆ ತಿರುಗಿಯೂ ನೋಡಲಿಲ್ಲ. ಶನಿವಾರ ಕಪ್ಪೆಯಾಗಿ ವೇದಿಕೆ ಹತ್ತಿದವಳು, ಟೀಚರ್ ಎಷ್ಟು ಕರೆದರೂ ಇಳಿಯಲೊಪ್ಪದೆ ಕುಪ್ಪಳಿಸುತ್ತಲೇ ಇದ್ದಳು. ಅವಳ ಹಿಂದೆ ಸರದಿಗಾಗಿ ಕಾಯುತ್ತಿತ್ತು ಕಿರೀಟ ತೊಟ್ಟ ರಾಣಿಯರ ಉದ್ದನೆಯ ಸಾಲು.

ಮನೆಯ ಫೋನುಗಳು ಆ ಮಕ್ಕಳಿಗೆ ಏನನ್ನು ತೋರಿಸದೇ ಬಿಟ್ಟವು ಎಂದು ಅವರು ಯಾರನ್ನು ಕೇಳಬೇಕು?