ಭಾವನ ಬದಲಿಗೆ ಒತ್ತಿದ ಬೆರಳು

ಲಾರಿ ಆಫೀಸಿನಲ್ಲಿ ಎಲ್ಲರೂ ಅವಳನ್ನು ಬಿಲ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಲೋಡಿನ ಜೊತೆ ಹೋಗುವ ಚೀಟಿ, ಅಂದರೆ ಬಿಲ್ಟಿ ಬರೆಯುವುದು ಅವಳ ಕೆಲಸ. ಕಾರ್ಬನ್ ಹಾಳೆಯ ನೀಲಿ ಅವಳ ಬೆರಳಿಗೆ ಅಂಟಿ, ಮನೆಗೆ ಹೋದಮೇಲೆ ಮಗುವಿನ ಕೆನ್ನೆಗೂ ದಾಟುತ್ತಿತ್ತು. ಗಂಡ ಹೇಳದೆ ಕೇಳದೆ ಹೊರಟುಹೋದ ಮೇಲೆ ಕೂಸನ್ನೆತ್ತಿಕೊಂಡು ಅಕ್ಕನ ಮನೆ ಸೇರಿದ್ದವಳು ಅವಳು. ಈ ಕೆಲಸ ಕೊಡಿಸಿದವನು ಅಕ್ಕನ ಗಂಡ, ಅದೇ ಆಫೀಸಿನ ಹಳೇ ಡ್ರೈವರ್.

ಭಾವನಿಗೆ ಓದು ಬಾರದು. ಆಫೀಸಿನಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಕಾಗದದ ಕಾಲದಲ್ಲಿ ಅದೊಂದು ತೊಡಕೇ ಆಗಿರಲಿಲ್ಲ. ಹಳದಿ ಪ್ರತಿ ಮಾಲು ಇಳಿಸಿಕೊಂಡವರಿಗೆ, ಗುಲಾಬಿ ಆಫೀಸಿಗೆ. ಬಣ್ಣ ನೋಡಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದರೆ ಮುಗಿಯಿತು. ಅದಕ್ಕೂ ಮೀರಿದ್ದು ಬಂದರೆ, "ಕನ್ನಡಕ ಮರೆತೆ, ನೀವೇ ನೋಡಿ ಸ್ವಾಮಿ" ಎನ್ನುವ ಒಂದೇ ಮಾತಿನಲ್ಲಿ ಅರ್ಧ ಆಯುಷ್ಯ ದಾಟಿಸಿದ್ದ. ಅವನ ಬಳಿ ಕನ್ನಡಕವೇ ಇರಲಿಲ್ಲ.

ಆಮೇಲೆ ಯಜಮಾನ ಕಾಗದ ನಿಲ್ಲಿಸಿದ. ಇನ್ನು ಲೋಡು ಇಳಿದ ಜಾಗದಲ್ಲೇ ಡ್ರೈವರ್ ತನ್ನ ಫೋನಿನಲ್ಲಿ ಒತ್ತಬೇಕು. ಒತ್ತಿದ ಕೂಡಲೇ ಮಾಲು ಕಳಿಸಿದವರಿಗೂ ಅದು ಕಾಣುತ್ತದೆ.

"ನಂದೂ ನೀನೇ ಒತ್ತಿಬಿಡು ತಂಗಿ. ಈ ಗಾಜಿನ ಹಲಗೆ ನನ್ನ ಮಾತು ಕೇಳಲ್ಲ," ಎಂದ ಭಾವ.

ಅವನು ತಲುಪಿ ಫೋನ್ ಮಾಡಿದರೆ ಸಾಕು, ಇವಳು ಆಫೀಸಿನಲ್ಲಿ ಕೂತಲ್ಲಿಂದಲೇ ತನ್ನ ಫೋನಿನಿಂದ ಅವನ ಹೆಸರಿನಲ್ಲಿ 'ಲೋಡು ಇಳಿಯಿತು' ಎಂದು ಒತ್ತುತ್ತಿದ್ದಳು. ಕಾಗದದ ಸೀಲು ಎಲ್ಲಿ ಕೂತು ಹಾಕಿದ್ದೆಂದು ಬಾಯಿಬಿಡುತ್ತಿರಲಿಲ್ಲ. ಫೋನು ಹಾಗಲ್ಲ, ಒತ್ತಿದ ಜಾಗವನ್ನೂ ಹೇಳಿಬಿಡುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮಾಲು ಕಳಿಸಿದವರು ಯಜಮಾನನಿಗೆ ನಕ್ಷೆ ತೋರಿಸಿದರು. ಭಾವನ ಲೋಡೆಲ್ಲ ಇಳಿದದ್ದು ಆಫೀಸಿನೊಳಗೇ! ಇನ್ನೊಮ್ಮೆ ಹೀಗಾದರೆ ಲೋಡು ಕೊಡುವುದಿಲ್ಲ ಎಂದರು.

ಯಜಮಾನ ಡ್ರೈವರುಗಳೆದುರೇ ಭಾವನನ್ನು ನಿಲ್ಲಿಸಿಕೊಂಡ. "ಏನಯ್ಯಾ, ಸಿಮೆಂಟನ್ನೆಲ್ಲ ನನ್ನ ಮೇಜಿನ ಮೇಲೆ ಇಳಿಸಿದ್ದೀಯಲ್ಲ! ಇಲ್ಲಿಂದ ಒತ್ತಿದ್ದು ಯಾರು?"

ಅವಳು ತನ್ನ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಈ ಕುರ್ಚಿ ಹೋದರೆ ಕೂಸಿನ ಹಾಲಿಗೂ ಅಕ್ಕನ ಮುಖ ನೋಡಬೇಕು.

"ನಾನೇ. ವಾಪಸ್ ಬಂದು ಒತ್ತುತ್ತಿದ್ದೆ," ಎಂದುಬಿಟ್ಟ ಭಾವ.

"ಹೌದಾ? ಏನಂತ ಬರೆದಿದೆ, ಓದು ನೋಡೋಣ. ಹಿಡಿಯಮ್ಮ ಫೋನು."

ಅವಳು ಹಿಡಿದಳು. ಭಾವ ಕನ್ನಡಕದ ಮಾತೆತ್ತಿದ. "ಅದಕ್ಕೇನಣ್ಣಾ, ನಂದು ಹಾಕ್ಕೋ," ಎಂದು ಒಬ್ಬ ಡ್ರೈವರ್ ತನ್ನದನ್ನು ಬಿಚ್ಚಿ ಅವನ ಮೂಗಿಗೇರಿಸಿದ. ಇನ್ನೊಬ್ಬ ಹಿಂದಿನಿಂದ, "ಅಕ್ಕ ಉಲ್ಟಾ ಹಿಡಿದವ್ಳೇನೋ!" ಎಂದ. ನಗೆ ಎದ್ದಿತು. ಭಾವ ಬೇರೆಯವರ ಕನ್ನಡಕದೊಳಗಿಂದ ಪರದೆಯನ್ನು ನೋಡುತ್ತಲೇ ನಿಂತ. ಅವಳು ಕೈ ಇಳಿಸಲಿಲ್ಲ.

"ನಿನಗೆ ಗೊತ್ತಿತ್ತೇನಮ್ಮ?" ಯಜಮಾನ ಕೇಳಿದ.

"ಇಲ್ಲ ಸರ್." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಾನು ಎಷ್ಟು ಸಲ ಕೇಳಿದ್ದೆ, ಎಲ್ಲಾ ಬರುತ್ತೆ ಅಂತ ನನಗೂ ಸುಳ್ಳು ಹೇಳಿದ್ರು. ಗುಂಡಿಯ ಬಣ್ಣ ನೋಡಿ ಒತ್ತುತ್ತಿದ್ರೇನೋ."

ಭಾವ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಕೊಟ್ಟವನ ಕೈಗೇ ಕೊಟ್ಟು ಹೊರಗೆ ನಡೆದ.

ಮನೆಯಲ್ಲಿ ಅವನು ಕೆಲಸ ಹೋಯಿತು ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಅವಳ ಬುತ್ತಿ ಕಟ್ಟುತ್ತಾ, "ಓನರ್ ಹತ್ರ ನಿನ್ನ ಮಾತು ನಡೆಯುತ್ತಲ್ಲ, ಒಂದ್ಮಾತು ಹೇಳೇ. ಈ ವಯಸ್ಸಲ್ಲಿ ಇವರಿಗೆ ಇನ್ಯಾರು ಸ್ಟೀರಿಂಗ್ ಕೊಡ್ತಾರೆ?" ಎಂದಳು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತಿಡುತ್ತಿದ್ದ ಭಾವ ತಲೆಯೆತ್ತಲಿಲ್ಲ.

"ಹೇಳ್ತೀನಿ ಅಕ್ಕ."

ಆಫೀಸಿಗೆ ಕಾಲಿಡುತ್ತಲೇ ಯಜಮಾನ, "ಫೋನಿನಿಂದ ಅವನ ಹೆಸರು ತೆಗೆದುಬಿಡಮ್ಮ," ಎಂದ. 'ಖಚಿತವೇ?' ಎಂದು ಕೇಳಿತು ಪರದೆ. ಅವಳು ಒತ್ತಿದಳು.

ಸಂಜೆ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದ್ಯಾ?"

"ಹೇಳ್ದೆ ಅಕ್ಕ. ಬೇಡಿಕೊಂಡೆ. ಕರಗಲೇ ಇಲ್ಲ ಆ ಮನುಷ್ಯ," ಎನ್ನುತ್ತಾ ಅವಳು ಅಕ್ಕನ ಸೊಂಟದ ಮೇಲಿನಿಂದ ಕೂಸನ್ನು ಇಸಿದುಕೊಂಡು ಒಳಗೆ ಹೋದಳು.