ಒಂದು ದಿನದ ರಜೆ

ಪುಣೆ ಹತ್ತಿರದ ಪಿಂಪ್ರಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ನಮ್ಮ ನೆರೆಯವರೊಬ್ಬರಿಗೆ ಪಂಢರಪುರಕ್ಕೆ ನಡೆದು ಹೋಗುವಷ್ಟು ರಜೆ ಎಂದೂ ಸಿಗಲಿಲ್ಲ. ಸಂತರ ಪಾದುಕೆ ಹೊತ್ತ ಪಾಲಖಿಯೊಡನೆ, ಪಂಢರಪುರದ ವಿಠ್ಠಲನನ್ನು ಕಾಣಲು ನಡೆದೇ ಹೊರಟ ವಾರಕರಿಗಳು ಪುಣೆಗೆ ಬರುವ ಆ ಒಂದು ದಿನ ಮಾತ್ರ ರಸ್ತೆಬದಿ ಗೋಣಿತಟ್ಟು ಹಾಸಿ ಕೂತು, ಅವರ ಹರಿದ ಚಪ್ಪಲಿಗಳನ್ನು ಪುಕ್ಕಟೆ ಹೊಲಿಯುತ್ತಿದ್ದರು. ಪಕ್ಕದಲ್ಲಿ ಡಾಕ್ಟರೊಬ್ಬರು ನೆಲಕ್ಕೆ ಕೂತು ನಡೆದು ದಣಿದ ರೈತರ ಪಾದ ತಿಕ್ಕುವುದನ್ನು ಕಂಡು, “ಎಂಥಾ ಮಂದಿರೀ ನಮ್ಮ ಮಂದಿ!” ಎಂದು ಹೊಲಿಗೆಗೊಮ್ಮೆ ಕೂಗುತ್ತಿದ್ದರು.

ಒಂದು ವರ್ಷ ಸಂಜೆ ಎದ್ದು ನೋಡಿದರೆ ಅವರದೇ ಚಪ್ಪಲಿ ಇಲ್ಲ. ಯಾರದೋ ಹರಿದ ಜೋಡಿ ಉಳಿದಿದೆ. ಗಡಿಬಿಡಿಯಲ್ಲಿ ತಮ್ಮದನ್ನೇ ಹೊಲಿದು ಅಜ್ಜನೊಬ್ಬನ ಕಾಲಿಗೆ ತೊಡಿಸಿ ಕಳಿಸಿದ್ದರು!

“ಅಯ್ಯೋ, ಈಗೇನ್ ಮಾಡ್ತೀರಿ?” ಎಂದೆ.

ಬರಿಗಾಲಲ್ಲೇ ಕುಣಿದುಬಿಟ್ಟರು. “ನನಗ ರಜಾ ಸಿಗಲಿಲ್ಲಂದ್ರ ಏನಾತ್ರೀ, ನನ್ನ ಚಪ್ಪಲ್ ಪಂಢರಪುರಕ್ಕ ಹೊಂಟಾವ!”